ಕಾಗದ ಕೇಳೋರು, ಗಾಡಿಗೆ ಅಡ್ಡ ಕೂತೋರು

ನನ್ನದು ಸಿಂಧನೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿ. ಜೊತೆಗೆ ಆನ್‌ಲೈನ್ ಅರ್ಜಿ, ಲ್ಯಾಮಿನೇಷನ್, ಪಾಸ್‌ಪೋರ್ಟ್ ಸೈಜ್ ಫೋಟೋ. ಪಹಣಿ, ಜಾತಿ-ಆದಾಯ, 371ಜೆ ಸರ್ಟಿಫಿಕೇಟ್, ರೇಷನ್ ಕಾರ್ಡ್ ತಿದ್ದುಪಡಿ, ಮಕ್ಕಳ ಟಿಸಿ, ಎಲ್ಲ ನನ್ನ ಕೈ ಮೇಲೇ ಹೋಗುತ್ತವೆ. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತ ಮೇಲೆ ಒಂದು ಮಾತು ಧೈರ್ಯವಾಗಿ ಹೇಳ್ತೀನಿ. ಎಲ್ಲಾ ಕಾಗದ ಸರಿ ಇರುವ ಮನುಷ್ಯ ನಮ್ಮ ತಾಲ್ಲೂಕಿನಲ್ಲಿ ಸಿಗೋದು ಕಷ್ಟ. ಆಧಾರ್‌ನಲ್ಲಿ ಹುಲಿಗೆಮ್ಮ, ಪಹಣಿಯಲ್ಲಿ ಹುಲಿಗವ್ವ, ಬ್ಯಾಂಕಿನಲ್ಲಿ ಇನ್ನೊಂದು. ಹುಟ್ಟಿದ ತಾರೀಖು ನೋಡಿದರೆ ಎಷ್ಟೋ ಮಂದಿ ಜೂನ್ 1ಕ್ಕೇ ಹುಟ್ಟಿದ್ದಾರೆ. ಶಾಲೆಗೆ ಹೆಸರು ಹಚ್ಚುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ನನ್ನದೂ ಅದೇ.

ಇದನ್ನೆಲ್ಲ ಬರೆಯೋದಕ್ಕೆ ಕಾರಣ 2025ರ ಮಳೆಗಾಲ. ಆಗ ಅಂಗಡಿಗೆ ಬಂಗಾಳದ ಹುಡುಗರು ಬರೋದು ಒಮ್ಮೆಲೇ ಜಾಸ್ತಿಯಾಯಿತು. ನಮ್ಮ ಕಡೆಯ ರೈಸ್ ಮಿಲ್ಲುಗಳಲ್ಲಿ ಹಮಾಲಿ ಮಾಡೋರು ಈಗ ಹೆಚ್ಚಾಗಿ ಬಿಹಾರ, ಬಂಗಾಳದವರು. ಸಿಂಧನೂರು, ಕಾರಟಗಿ, ಗಂಗಾವತಿ, ಎಲ್ಲಿ ಹೋದರೂ ಅಷ್ಟೇ. ನಮ್ಮ ಹುಡುಗರು ಚೀಲ ಹೊರೋದು ಬಿಟ್ಟು ಬೆಂಗಳೂರು ಸೇರಿದ್ದಾರೆ, ಅವರ ಜಾಗಕ್ಕೆ ಇವರು ಬಂದಿದ್ದಾರೆ. ಲೆಕ್ಕ ಅಷ್ಟೇ.

ಒಬ್ಬ ಬಂದ. ನಲವತ್ತರ ಹತ್ತಿರದ ಮನುಷ್ಯ, ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯವನು. ಫೋನಿನ ಗ್ಲಾಸು ಒಡೆದಿತ್ತು. ಅದರಲ್ಲಿ ಅವನೂರಿನ ಪಂಚಾಯ್ತಿ ಪ್ರಧಾನರು ವಾಟ್ಸಾಪ್‌ನಲ್ಲಿ ಕಳಿಸಿದ್ದ ಪತ್ರ. ಬಂಗಾಳಿ ಅಕ್ಷರ, ನೇರಳೆ ಬಣ್ಣದ ಸೀಲು, ಫೋಟೋ ತೆಗೆಯುವಾಗ ಬಿದ್ದ ಹೆಬ್ಬೆರಳಿನ ನೆರಳು. ಪ್ರಿಂಟ್ ತೆಗೆದರೆ ಸೀಲು ಕಪ್ಪು ಕಲೆಯ ಹಾಗೆ ಬಂತು. ಅವನಿಗೆ ಅದು ಸರಿ ಕಾಣಲಿಲ್ಲ. "ದೀದಿ, ಕಲರ್ ಮೇ" ಅಂದ. ಕಲರ್ ಪ್ರಿಂಟಿಗೆ ದುಡ್ಡು ಜಾಸ್ತಿ ಅಂದೆ. ಆಗಲಿ ಅಂದ. ವೋಟರ್ ಕಾರ್ಡನ್ನು ಗ್ಲಾಸಿನ ಮೇಲೆ ಇಡುವಾಗ ಅವನ ಕೈಯಿಂದ ತೌಡಿನ ಪುಡಿ ಉದುರಿತು. ನಾನು ಏನಾದರೂ ಅನ್ನೋದಕ್ಕೆ ಮುಂಚೆ ಹೆಗಲ ಮೇಲಿನ ಟವೆಲ್ಲಿನಿಂದ ತಾನೇ ಒರೆಸಿದ. ಮೂರು ಸೆಟ್ ಮಾಡಿಸಿದ. ಒಂದು ಅಂಗಿಯ ಒಳಜೇಬಿಗೆ, ಒಂದು ರೂಮಿನ ಟ್ರಂಕಿಗೆ, ಇನ್ನೊಂದು ಮಿಲ್ಲಿನ ಗುಮಾಸ್ತರ ಹತ್ತಿರ ಇರಲಿ ಅಂತ. ಸಿಕ್ಕಿಬಿದ್ದರೆ ಯಾವುದಾದರೂ ಒಂದು ಕೈಗೆ ಸಿಗಬೇಕಲ್ಲ.

ಸಿಕ್ಕಿಬೀಳೋದು ಅಂದರೆ ಏನು ಅಂತ ಆ ತಿಂಗಳು ಅವರೆಲ್ಲರಿಗೂ ಗೊತ್ತಿತ್ತು. ಬಾಂಗ್ಲಾದವರು ಅಂತ ಅನುಮಾನ ಬಂದವರನ್ನು ಹುಡುಕಿ, ಪರಿಶೀಲಿಸಿ, ಕಳಿಸಿ ಅಂತ ಕೇಂದ್ರದಿಂದ ರಾಜ್ಯಗಳಿಗೆ ಸೂಚನೆ ಹೋಗಿತ್ತು. ಗುರುಗ್ರಾಮದಲ್ಲಿ ಬಂಗಾಳಿ ಮಾತಾಡುವ ಕೂಲಿಗಳನ್ನು ಸಮುದಾಯ ಭವನಗಳಲ್ಲಿ ಕೂಡಿಹಾಕಿದ್ದರು. ಮುಂಬೈ ಕಡೆ ಹಿಡಿದ ಕೆಲವರನ್ನು ಸೀದಾ ಗಡಿಯಾಚೆ ದಬ್ಬಿಬಿಟ್ಟರು. ಅವರು ಮುರ್ಷಿದಾಬಾದ್, ಬರ್ಧಮಾನ್ ಜಿಲ್ಲೆಯ ನಮ್ಮದೇ ದೇಶದ ಮಂದಿ ಅಂತ ಆಮೇಲೆ ಗೊತ್ತಾಗಿ ವಾಪಸ್ ಕರೆತಂದರು. ಬೀರ್‌ಭೂಮ್ ಜಿಲ್ಲೆಯ ಒಬ್ಬ ಬಸುರಿಯ ಕಥೆ ಪೇಪರಿನಲ್ಲಿ ಓದಿರಬಹುದು. ದೆಹಲಿಯಲ್ಲಿ ಹಿಡಿದು ಜೂನ್‌ನಲ್ಲಿ ಬಾಂಗ್ಲಾಕ್ಕೆ ಕಳಿಸಿದರು. ಕಲ್ಕತ್ತಾ ಹೈಕೋರ್ಟು ಸೆಪ್ಟೆಂಬರ್‌ನಲ್ಲಿ ಕರೆತನ್ನಿ ಅಂತು. ಆಕೆ, ಆಕೆಯ ಪುಟ್ಟ ಮಗ ವಾಪಸ್ ಬಂದದ್ದು ಡಿಸೆಂಬರ್‌ನಲ್ಲಿ, ಅದೂ ಸುಪ್ರೀಂ ಕೋರ್ಟಿನ ತನಕ ಹೋದ ಮೇಲೆ.

ಈಗ ನನ್ನ ಕಸುಬಿನ ಮಾತಿಗೆ ಬರ್ತೀನಿ. ನೀನು ಭಾರತೀಯ ಅನ್ನೋದಕ್ಕೆ ಏನು ಪುರಾವೆ ಅಂತ ಕೇಳಿದರೆ ಎಲ್ಲರೂ ಆಧಾರ್ ತೆಗೀತಾರೆ. ಆಧಾರ್ ಪೌರತ್ವದ ಪುರಾವೆ ಅಲ್ಲ. ಕಾನೂನು ನೋಡೋದು ಹುಟ್ಟಿದ ತಾರೀಖು. 1950ರ ಜನವರಿ 26ರಿಂದ 1987ರ ಜೂನ್ ಮುಗಿಯುವ ತನಕ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಆಮೇಲೆ 2004ರ ಡಿಸೆಂಬರ್ ತನಕ ಹುಟ್ಟಿದವರಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಅದಾದ ಮೇಲೆ ಹುಟ್ಟಿದವರಿಗೆ ಇನ್ನೂ ಬಿಗಿ: ಒಬ್ಬರು ಪೌರರಾಗಿದ್ದರೆ ಸಾಲದು, ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು. ಅಂದರೆ ಮಗನ ಕಾಗದ ನಿಲ್ಲೋದು ಅಪ್ಪನ ಕಾಗದದ ಮೇಲೆ. ಆ ಅಪ್ಪ ಹುಟ್ಟಿದ್ದು ಜೂನ್ 1ಕ್ಕೆ! ಇನ್ನೊಂದು ವಿಷಯ. ಕಳ್ಳತನದ ಕೇಸಾದರೆ ನೀನು ಕಳ್ಳ ಅಂತ ಪೊಲೀಸರು ಸಾಬೀತು ಮಾಡಬೇಕು. ನೀನು ವಿದೇಶಿ ಅಂತ ಹೇಳಿದರೆ, ಅಲ್ಲ ಅಂತ ಸಾಬೀತು ಮಾಡೋ ಭಾರ ನಿನ್ನ ಮೇಲೇ. 1946ರ ವಿದೇಶಿಯರ ಕಾಯ್ದೆಯಲ್ಲಿ ಹಾಗೆ ಇತ್ತು. 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ, ಭಾರ ಮಾತ್ರ ಅಲ್ಲೇ ಇದೆ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ಕ್ಕೆ ಎನ್‌ಆರ್‌ಸಿ ಅನ್ನೋ ಪೌರರ ಪಟ್ಟಿ ಹೊರಬಿದ್ದಾಗ 19 ಲಕ್ಷ ಮಂದಿ ಹೊರಗೆ ಉಳಿದರಲ್ಲ, ಅದರಲ್ಲಿ ಎಷ್ಟೋ ಜನರದ್ದು ನಮ್ಮ ಹುಲಿಗೆಮ್ಮ-ಹುಲಿಗವ್ವನ ಥರದ್ದೇ ತಂಟೆ.

ನಮ್ಮೂರಲ್ಲಿ ಪೊಲೀಸರು ಬಂದು ಏನೂ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಶುರು ಮಾಡಿದ್ದು ನಾಲ್ಕೈದು ಹುಡುಗರು. ಚಾ ಅಂಗಡಿ ಮುಂದೆ ನಿಂತ ಕೂಲಿಗಳನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ "ಎಲ್ಲಿಂದ ಬಂದಿ? ಆಧಾರ್ ತೋರಿಸು" ಅಂತ ಕೇಳಿದರು. ಕೇಳೋಕೆ ಇವರು ಯಾರು ಅಂತ ಯಾರೂ ಕೇಳಲಿಲ್ಲ. ಆ ಹುಡುಗರಲ್ಲಿ ಒಬ್ಬನ ಆಧಾರ್ ತಿದ್ದುಪಡಿ ನನ್ನ ಹತ್ತಿರವೇ ಬಾಕಿ ಇತ್ತು, ಅದು ಬೇರೆ ಮಾತು.

ನಮ್ಮ ಚಿಗವ್ವನ ಮಗ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಓದುತ್ತಾನೆ. ಆ ವಾರ ಫೋನ್ ಮಾಡಿದಾಗ ಇದನ್ನೆಲ್ಲ ಅವನ ಮುಂದೆ ಹೇಳಿಕೊಂಡೆ. "ಅಕ್ಕಾ, ನಮ್ಮ ರೂಮಿನ ಹಿಂದಿನ ಓಣಿಯಾಗ ಏನಾಗಿತ್ತು ಗೊತ್ತೇನು?" ಅಂತ ಶುರು ಮಾಡಿದ. ಅವನು ಹೋಗೋದಕ್ಕೆ ಮೊದಲಿನ ಕಥೆ. ಆದರೆ ಅಲ್ಲಿಯ ಮಂದಿ ಇನ್ನೂ ಹೇಳ್ತಾರಂತೆ.

2021ರ ಮೇ 13, ರಂಜಾನ್ ಹಬ್ಬದ ದಿನ. ಪೊಲೊಕ್‌ಶೀಲ್ಡ್ಸ್ ಅನ್ನೋ ಬಡಾವಣೆಯ ಕೆನ್‌ಮ್ಯೂರ್ ಸ್ಟ್ರೀಟ್. ಬೆಳಿಗ್ಗೆ ವಲಸೆ ಇಲಾಖೆಯ ವ್ಯಾನ್ ಬಂದು ಇಬ್ಬರನ್ನು ಹಿಡಿದು ಒಳಗೆ ಕೂರಿಸಿತು. ಒಬ್ಬ ಮನುಷ್ಯ ಓಡಿ ಬಂದು ವ್ಯಾನಿನ ಅಡಿಗೆ ತೂರಿ ಮಲಗಿಬಿಟ್ಟ. ಗಾಡಿ ಮುಂದಕ್ಕೆ ಹೋಗೋ ಹಾಗಿಲ್ಲ. ಅಷ್ಟರಲ್ಲಿ ಅಕ್ಕಪಕ್ಕದ ಮನೆಯವರು ಬಂದರು, ಫೋನ್ ಹೋಯಿತು, ಮಂದಿ ಸೇರಿತು. ನೂರಾರು ಜನ ರಸ್ತೆಯಲ್ಲೇ ಕೂತರು. ಇವರು ನಮ್ಮ ನೆರೆಹೊರೆ, ಇವರನ್ನು ಬಿಡಿ, ಅದೇ ಒಂದು ಕೂಗು. ಎಂಟು ತಾಸು ಹಾಗೇ ನಡೀತು. ಕೊನೆಗೆ ಸಂಜೆ ಪೊಲೀಸರೇ ಬಾಗಿಲು ತೆಗೆದು ಇಬ್ಬರನ್ನೂ ಬಿಟ್ಟರು.

ಆ ಇಬ್ಬರು ಯಾರು ಅಂದುಕೊಂಡಿರಿ? ನಮ್ಮ ಭಾರತದವರು. ಒಬ್ಬ ಅಡುಗೆ ಕೆಲಸದವನು, ಇನ್ನೊಬ್ಬ ಮೆಕ್ಯಾನಿಕ್. ವರ್ಷಗಟ್ಟಲೆ ಅಲ್ಲೇ ಇದ್ದರು, ಕಾಗದ ಸರಿ ಇರಲಿಲ್ಲ.

ನನಗೆ ಈ ಕಥೆ ತಲೆಗೆ ಹತ್ತಿಬಿಟ್ಟಿತು. ಅಂಗಡಿಯಲ್ಲಿ ಕರೆಂಟ್ ಹೋದಾಗೆಲ್ಲ ಫೋನಿನಲ್ಲಿ ಅದನ್ನೇ ಓದ್ತಾ ಕೂತೆ. ಯುರೋಪಿನಲ್ಲಿ ಇಂಥ ಹೋರಾಟಕ್ಕೆ ದೊಡ್ಡ ಇತಿಹಾಸವೇ ಇದೆ. 1996ರಲ್ಲಿ ಪ್ಯಾರಿಸ್ಸಿನ ಸೇಂಟ್ ಬರ್ನಾರ್ಡ್ ಚರ್ಚಿನಲ್ಲಿ ಕಾಗದವಿಲ್ಲದ ಆಫ್ರಿಕಾದ ಕೂಲಿಗಳು ಹೆಂಡತಿ ಮಕ್ಕಳ ಸಮೇತ ಹೋಗಿ ಕೂತಿದ್ದರು. ಆಗಸ್ಟ್ 23ಕ್ಕೆ ಪೊಲೀಸರು ಕೊಡಲಿಯಿಂದ ಬಾಗಿಲು ಒಡೆದು ಎಬ್ಬಿಸಿದರು. ಮರುವರ್ಷ ಜರ್ಮನಿಯಲ್ಲಿ 'ಯಾವ ಮನುಷ್ಯನೂ ಅಕ್ರಮ ಅಲ್ಲ' ಅನ್ನೋ ಘೋಷಣೆ ಹಿಡಿದು ಒಂದು ಚಳವಳಿಯೇ ಎದ್ದಿತು. 1998ರಲ್ಲಿ ಬೆಲ್ಜಿಯಂನಲ್ಲಿ ಸೆಮಿರಾ ಅದಾಮು ಅನ್ನೋ ನೈಜೀರಿಯಾದ ಹುಡುಗಿ. ವಯಸ್ಸು ಬರೀ 20. ಬೇಡದ ಮದುವೆಯಿಂದ ತಪ್ಪಿಸಿಕೊಂಡು ಬಂದವಳು. ಅವಳನ್ನು ವಿಮಾನ ಹತ್ತಿಸಿ ಕಳಿಸೋಕೆ ಮೇಲಿಂದ ಮೇಲೆ ನೋಡಿದರು. ಒಂದು ಸಲ ವಿಮಾನದಲ್ಲಿದ್ದ ಪ್ರಯಾಣಿಕರೇ ಗಲಾಟೆ ಮಾಡಿ ಅವಳನ್ನು ಇಳಿಸಿದರು. ಸೆಪ್ಟೆಂಬರ್ 22ಕ್ಕೆ ಮತ್ತೆ ಹತ್ತಿಸಿದಾಗ, ಕೂಗಬಾರದು ಅಂತ ಪೊಲೀಸರು ಮುಖಕ್ಕೆ ದಿಂಬು ಒತ್ತಿ ಹಿಡಿದರು. ಹುಡುಗಿ ಸತ್ತೇ ಹೋದಳು. ಅಲ್ಲಿಯ ಗೃಹಮಂತ್ರಿ ರಾಜೀನಾಮೆ ಕೊಟ್ಟ. ನಮ್ಮಲ್ಲಿ ಆಗಿದ್ದರೆ ಕೊಡ್ತಿದ್ದರಾ, ಬಿಡಿ.

2017ರ ಮಾರ್ಚಿನಲ್ಲಿ ಲಂಡನ್ ಹತ್ತಿರದ ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದಲ್ಲಿ 15 ಮಂದಿ ಬೇಲಿ ಕತ್ತರಿಸಿ ಒಳಗೆ ಹೋದರು. ನೈಜೀರಿಯಾ, ಘಾನಾ ಕಡೆ ಮಂದಿಯನ್ನು ಹೊತ್ತೊಯ್ಯಬೇಕಿದ್ದ ವಿಮಾನದ ಸುತ್ತ ತಮ್ಮನ್ನು ತಾವೇ ಬಿಗಿದುಕೊಂಡು ಕೂತರು. ಆ ರಾತ್ರಿ ಅದು ಹಾರಲಿಲ್ಲ. ಭಯೋತ್ಪಾದಕರಿಗೆ ಅಂತ ಮಾಡಿದ ಕಾನೂನಿನಡಿ ಇವರ ಮೇಲೆ ಕೇಸು ಹಾಕಿ 2018ರಲ್ಲಿ ತಪ್ಪಿತಸ್ಥರು ಅಂದರು. 2021ರ ಜನವರಿಯಲ್ಲಿ ಮೇಲಿನ ಕೋರ್ಟು ಅದನ್ನು ತೆಗೆದುಹಾಕಿತು.

ಇಷ್ಟರಲ್ಲಿ ನನಗೆ ಹೆಚ್ಚು ತಟ್ಟಿದ್ದು ಮಾತ್ರ ಬೇರೆ ಒಂದು ವಿಷಯ, ಯಾಕಂದರೆ ಅದು ನನ್ನ ಧಂದೆಯದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ಕೆಲಸಗಾರರು ಬೇಕಿತ್ತು. ಕೆರಿಬಿಯನ್ ದ್ವೀಪಗಳಿಂದ ಕಪ್ಪು ಜನ ಹಡಗು ಹತ್ತಿ ಬಂದರು. 1948ರಲ್ಲಿ ಬಂದ ವಿಂಡ್ರಶ್ ಅನ್ನೋ ಹಡಗಿನ ಹೆಸರೇ ಅವರೆಲ್ಲರಿಗೂ ಅಂಟಿಕೊಂಡಿತು. ಮಕ್ಕಳು ಅಪ್ಪ ಅಮ್ಮನ ಕೈ ಹಿಡಿದು ಬಂದವರು, ಅವರಿಗೆ ಬೇರೆ ಕಾಗದ ಯಾಕೆ ಬೇಕಿತ್ತು? ಹಡಗು ಇಳಿದಾಗ ತುಂಬಿದ ಕಾರ್ಡುಗಳು ಸರ್ಕಾರದ ಹತ್ತಿರ ಇದ್ದವು. 2010ರಲ್ಲಿ ಜಾಗ ಖಾಲಿ ಮಾಡುವಾಗ ಇಲಾಖೆಯವರೇ ಅವನ್ನು ನಾಶ ಮಾಡಿದರು. ಆಮೇಲೆ 2014ರಲ್ಲಿ ಕಾನೂನು ತಂದರು: ಮನೆ ಬಾಡಿಗೆ ಕೊಡೋನು ಕಾಗದ ನೋಡಬೇಕು, ಬ್ಯಾಂಕಿನವನು ನೋಡಬೇಕು. ನಲವತ್ತು ಐವತ್ತು ವರ್ಷ ಅಲ್ಲೇ ದುಡಿದ ಮುದುಕರಿಗೆ ನೀನು ಯಾವಾಗ ಬಂದಿ, ತೋರಿಸು ಅಂದರು. ಕೆಲಸ ಹೋಯಿತು, ಆಸ್ಪತ್ರೆಯಲ್ಲಿ ಚಿಕಿತ್ಸೆ ನಿಂತಿತು. ಕಡೇಪಕ್ಷ 83 ಮಂದಿಯನ್ನು ತಪ್ಪಾಗಿ ದೇಶದಿಂದ ಹೊರಗೆ ಹಾಕಿದ್ದರು. 2018ರಲ್ಲಿ ಇದು ಹೊರಬಿದ್ದು ಮಂತ್ರಿ ಅಂಬರ್ ರಡ್ ಇಳಿಯಬೇಕಾಯಿತು. ಕಾಗದ ನಾಶ ಮಾಡಿದವರೇ ಕಾಗದ ಕೇಳೋದು ಅಂದರೆ ಇದೇ ನೋಡಿ.

ಗಡಿ ಅಂದರೆ ಮುಳ್ಳುತಂತಿ, ಬಂದೂಕು, ಸೈನಿಕ ಅಂದುಕೊಂಡಿದ್ದೇವೆ. ಸಿಂಧನೂರಿಗೂ ಅಂಥ ಗಡಿಗೂ ಸಾವಿರಕ್ಕೂ ಹೆಚ್ಚು ಕಿಲೋಮೀಟರ್. ಆದರೆ ಆ ಮುರ್ಷಿದಾಬಾದಿನವನಿಗೆ ಗಡಿ ಸಿಕ್ಕಿದ್ದು ನಮ್ಮ ಚಾ ಅಂಗಡಿಯ ಮುಂದೆ. ರೂಮು ಕೊಡೋ ಮಾಲೀಕ, ಸಿಮ್ ಮಾರುವ ಹುಡುಗ, ಗ್ಲಾಸಿನ ಹಿಂದೆ ಕೂತ ನಾನು, ನಾವೆಲ್ಲ ಸಂಬಳವಿಲ್ಲದೆ ಗಡಿ ಕಾಯೋರು. ಹಾಗಿದ್ದರೆ ಅದನ್ನು ಕಾಯೋದಿಲ್ಲ ಅನ್ನೋದೂ ನಮ್ಮ ಕೈಲೇ ಇದೆಯಲ್ವಾ?

ಇದನ್ನೇ ಆರ್.ಎಚ್. ಕ್ಯಾಂಪಿನ ಒಬ್ಬ ಕಾಕಾ ಮುಂದೆ ಹೇಳಿದೆ. ಗೊತ್ತಿಲ್ಲದವರಿಗೆ: ಸಿಂಧನೂರಿನ ಹತ್ತಿರ ಬಂಗಾಳಿ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ಓಡಿ ಬಂದ ಹಿಂದೂ ಕುಟುಂಬಗಳನ್ನು 1970ರ ಆಸುಪಾಸು ಸರ್ಕಾರವೇ ತಂದು, ಜಮೀನು ಕೊಟ್ಟು, ಇಲ್ಲಿ ಕೂರಿಸಿತು. ದುರ್ಗಾಪೂಜೆ ಮಾಡ್ತಾರೆ, ಮೀನು ತಿಂತಾರೆ, ಕನ್ನಡ ನನಗಿಂತ ಚೆನ್ನಾಗಿ ಮಾತಾಡ್ತಾರೆ. ಕಾಕಾ ನನ್ನ ಹಳೇ ಗಿರಾಕಿ. ಅವರ ಹತ್ತಿರ ಅಪ್ಪನ ಕಾಲದ ನಿರಾಶ್ರಿತರ ಕಾಗದ ಒಂದಿದೆ. ನಾಲ್ಕು ಮಡಿಕೆಯಾಗಿ ಮಡಿಕೆಯ ಮೇಲಿನ ಅಕ್ಷರ ಅಳಿಸಿಹೋಗಿವೆ. ಲ್ಯಾಮಿನೇಷನ್ ಮಾಡಿ ಅಂದರೆ ಬಿಸಿಗೆ ಸುಟ್ಟುಹೋದೀತು ಅಂತ ಒಪ್ಪಲ್ಲ. 2024ರಲ್ಲಿ ಸಿಎಎ, ಅಂದರೆ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮ ಬಂದ ಮೇಲೆ ಕ್ಯಾಂಪಿನ ಕೆಲವರಿಗೆ ಪೌರತ್ವದ ಪತ್ರ ಸಿಕ್ಕಿತು. ಎಷ್ಟೋ ವರ್ಷ ಆದ ಮೇಲೆ!

ಕಾಕಾ ನನ್ನ ಮಾತು ಒಪ್ಪಲಿಲ್ಲ. "ನಾವು ಸರ್ಕಾರ ಕರದು ಬಂದವರವ್ವಾ. ಅವರು ಕದ್ದು ಬಂದವರು" ಅಂದರು.

"ಅಂವ ಮುರ್ಷಿದಾಬಾದಿನವ ಕಾಕಾ, ಎಲ್ಲಿಂದಲೂ ಕದ್ದು ಬಂದಿಲ್ಲ" ಅಂದೆ.

"ಅದು ನಿನಗ ಹೆಂಗ ಗೊತ್ತು?"

"ನೀವು ಮಾತಾಡಿದ ಬಂಗಾಳಿ ಕೇಳಿ ಆ ಹುಡುಗರು ನಿಮಗೂ ಆಧಾರ್ ಕೇಳಿದರ?"

ಅದಕ್ಕೆ ಅವರು ಸುಮ್ಮನಿರಲಿಲ್ಲ, ಸಿಟ್ಟು ಮಾಡಿಕೊಂಡರು. ತಮ್ಮ ಮಂದಿ ಅಲ್ಲಿ ಹೆಂಗೆ ಮನೆ ಬಿಟ್ಟು ಬಂದರು, ಯಾರ ಕೈಯಲ್ಲಿ ಏನು ಅನುಭವಿಸಿದರು ಅಂತ ಒಂದು ತಾಸು ಹೇಳಿದರು. ಆ ನೋವು ಸುಳ್ಳಲ್ಲ. ಆದರೆ ಆ ಸಿಎಎ ಕಾನೂನಿನಲ್ಲಿ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರ ಹೆಸರಿದೆ. ಮುಸ್ಲಿಮರದ್ದಿಲ್ಲ. ಯುರೋಪಿನಲ್ಲಿ ಬಣ್ಣ ನೋಡಿ ಗಾಡಿ ನಿಲ್ಲಿಸ್ತಾರೆ, ಇಲ್ಲಿ ಹೆಸರು, ಗಡ್ಡ, ಲುಂಗಿ ನೋಡಿ ನಿಲ್ಲಿಸ್ತಾರೆ. ಇಷ್ಟೇ ನನಗೆ ಕಾಣೋ ವ್ಯತ್ಯಾಸ. ಕಾಕಾ ಅವತ್ತಿನಿಂದ ಪಕ್ಕದ ಅಂಗಡಿಗೆ ಹೋಗ್ತಾರೆ. ಜೆರಾಕ್ಸಿಗೆ ಒಂದು ರೂಪಾಯಿ ಜಾಸ್ತಿ ಅಲ್ಲಿ.

ನಾನು ಲಿಂಗಸುಗೂರು ಕಡೆಯವಳು. ಮಳೆ ಬಾರದ ವರ್ಷ ನಮ್ಮಪ್ಪ ಅವ್ವ ಗುಳೆ ಹೋಗ್ತಿದ್ದದ್ದು ಗೋವಾಕ್ಕೆ, ಕಟ್ಟಡದ ಕೆಲಸಕ್ಕೆ. ನಾನೂ ಅಲ್ಲಿ ಮರಳಿನ ಗುಡ್ಡೆ ಮೇಲೆ ಆಡಿ ಬೆಳೆದೆ. ಅಲ್ಲಿ ನಮಗೆ ಘಾಟಿ ಅಂತಿದ್ದರು. ಕಳವಾದರೆ ಘಾಟಿ, ಗಲೀಜಾದರೆ ಘಾಟಿ. ವಾಸ್ಕೋದ ಬೈನಾದಲ್ಲಿ 2004ರಲ್ಲಿ ಗುಡಿಸಲು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡದವರು ಎಷ್ಟೋ ಮಂದಿ. ರಾಯಚೂರು, ಕೊಪ್ಪಳದ ಯಾವ ಹಳ್ಳಿಗೆ ಬೇಕಾದರೂ ಹೋಗಿ ಕೇಳಿ, ಗುಳೆ ಹೋಗದ ಮನೆ ಬೆರಳೆಣಿಕೆ. ಬೇರೆಯವರ ಊರಲ್ಲಿ ನಾವು ಏನು ಅನ್ನಿಸಿಕೊಂಡೆವೋ ಅದನ್ನೇ ನಮ್ಮೂರಿಗೆ ಬಂದವರಿಗೆ ಅನ್ನೋದಕ್ಕೆ ಎಷ್ಟು ಬೇಗ ಕಲಿತುಬಿಟ್ಟೆವು! ಸಿಂಧನೂರಾದರೂ ಅಷ್ಟೇ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಆಂಧ್ರದಿಂದ ರೈತರು ಬಂದು ಕ್ಯಾಂಪು ಕಟ್ಟಿದರು, ಭತ್ತ ಬೆಳೆದರು. ಹೊರಗಿನವರನ್ನೆಲ್ಲ ತೆಗೆದರೆ ಈ ಊರಿನ ಸಂತೆಯಲ್ಲಿ ಎಷ್ಟು ಮಂದಿ ಉಳೀತಾರೆ?

2025ರ ಫೆಬ್ರುವರಿ 5ಕ್ಕೆ ಅಮೆರಿಕದ ಮಿಲಿಟರಿ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತಲ್ಲ, ದಾರಿಯುದ್ದಕ್ಕೂ ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿ. ಆಗ ನಮ್ಮ ಅಂಗಡಿ ಮುಂದೆ ಎಲ್ಲರಿಗೂ ಸಿಟ್ಟು ಬಂದಿತ್ತು. ಅವರೇನು ಕೊಲೆ ಮಾಡಿದ್ದರೇನು, ದುಡಿಯಲು ಹೋದವರು ಅಂದರು. ಸರಿಯಾದ ಸಿಟ್ಟು ಅದು. ನಾಲ್ಕೈದು ತಿಂಗಳಲ್ಲಿ ಅದೇ ಕಟ್ಟೆ ಮೇಲೆ ಅದೇ ಮಂದಿ, ಬಂಗಾಳಿಗಳನ್ನು ಎತ್ತಿ ಹಾಕಿದ್ದು ಒಳ್ಳೇದಾಯಿತು ಅಂದರು.

ದೇಶ ಅಂದ ಮೇಲೆ ಗಡಿ ಬೇಡವಾ ಅಂತ ನನ್ನ ಗಂಡನೇ ಕೇಳ್ತಾನೆ. ಯಾವ ದೇಶಕ್ಕೆ ಎಂಥ ಗಡಿ ಬೇಕು ಅಂತ ತೀರ್ಮಾನ ಮಾಡೋಕೆ ನನ್ನನ್ನು ಯಾರೂ ಕರೆದಿಲ್ಲ. ಆದರೆ ಸಂವಿಧಾನದ 21ನೇ ವಿಧಿ ಪೌರರಿಗೆ ಅಷ್ಟೇ ಅಂತ ಹೇಳಲ್ಲ, ಯಾವುದೇ ವ್ಯಕ್ತಿ ಅನ್ನುತ್ತೆ. ಹಿಡಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅಂತ 22ನೇ ವಿಧಿ ಇದೆ. ಇಷ್ಟನ್ನು ಪಾಲಿಸಿದ್ದರೆ ಆ ಬಸುರಿ ಹೆಣ್ಣುಮಗಳು ಗಡಿ ದಾಟುತ್ತಿರಲಿಲ್ಲ. 2020ರಲ್ಲಿ ಆನೆಗೊಂದಿ ಉತ್ಸವದಲ್ಲಿ ದಾಖಲೆ ಕೇಳುವವರ ಬಗ್ಗೆ ಕವನ ಓದಿದ ಕೊಪ್ಪಳದ ಕವಿಯ ಮೇಲೆ ಕೇಸು ಬಿತ್ತು. ಆಗ ನಮ್ಮಲ್ಲಿ ಎಷ್ಟೋ ಜನ ಅದೇನು ಅಂಥ ದೊಡ್ಡ ವಿಷಯ ಅಂದಿದ್ದರು. ಈಗ ದೊಡ್ಡದಾಗಿ ಕಾಣಬೇಕು.

ನಮ್ಮೂರಲ್ಲಿ ವ್ಯಾನಿನ ಅಡಿ ಮಲಗೋ ಪ್ರಸಂಗ ಬರದೇ ಇರಲಿ. ಬಂದರೆ ಯಾರು ಬರ್ತಾರೋ ನೋಡೋಣ. ಅದಕ್ಕೂ ಮೊದಲೇ ಆಗುವ ಕೆಲಸ ಕೆಲವಿವೆ. ನಾನು ಮಾಡ್ತಿರೋದು ಇಷ್ಟು: ಬಂಗಾಳ, ಬಿಹಾರದ ಕೂಲಿಗಳ ಕಾಗದ ಪ್ರಿಂಟ್ ಮಾಡಿಕೊಟ್ಟ ಮೇಲೆ ಹಿಂದುಗಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನಂಬರ್ ಬರೆದುಕೊಡ್ತೀನಿ. ಕೈಲಾಗದವರಿಗೆ ಅಲ್ಲಿ ವಕೀಲರು ಪುಕ್ಕಟೆ ಸಿಗ್ತಾರೆ. ಯಾವನೋ ಹಾದಿಬೀದಿಯವನು ಕೇಳಿದರೆ ಆಧಾರ್ ತೆಗೀಬೇಡಿ, ಫೋನಂತೂ ಕೈಗೆ ಕೊಡಲೇಬೇಡಿ ಅಂತ ನನ್ನ ಮುರುಕು ಹಿಂದಿಯಲ್ಲಿ ಹೇಳ್ತೀನಿ. ಪಕ್ಕದ ಚಾ ಅಂಗಡಿಯ ಅಣ್ಣ ಈಗ ವಿಡಿಯೋ ಮಾಡೋಕೆ ಬಂದವರಿಗೆ "ಚಾ ಕುಡೀರಿ, ಇಲ್ಲಾ ಕಟ್ಟೆ ಬಿಡ್ರಿ" ಅಂತಾನೆ. ಗಿರಾಕಿ ಕಡಿಮೆಯಾಗಿಲ್ಲ ಅವನಿಗೆ.

ರೈಸ್ ಮಿಲ್ಲಿನವರು ಯಾರಾದರೂ ಇದನ್ನು ಓದ್ತಿದ್ದರೆ ಒಂದು ಕೇಳಿಕೆ. ನಿಮ್ಮ ಹತ್ತಿರ ಚೀಲ ಹೊರುವ ಪ್ರತಿಯೊಬ್ಬರಿಗೂ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಕೊಡಿ. ಹೆಸರು, ಊರು, ಎಂದಿನಿಂದ ಕೆಲಸಕ್ಕಿದ್ದಾರೆ, ನಿಮ್ಮ ಸಹಿ, ನಿಮ್ಮ ಫೋನ್ ನಂಬರ್. ಹೆಸರಿನ ಸ್ಪೆಲ್ಲಿಂಗ್ ಮಾತ್ರ ವೋಟರ್ ಕಾರ್ಡಿನಲ್ಲಿ ಇದ್ದ ಹಾಗೇ ಇರಲಿ. ಶೇಖ್ ಅನ್ನೋದನ್ನು ಅವರ ಕಡೆ ಮೂರು ನಾಲ್ಕು ಥರ ಬರೀತಾರೆ, ಅಲ್ಲೇ ಎಡವಟ್ಟಾಗೋದು. ಟೈಪ್ ಮಾಡೋಕೆ ಪುರುಸೊತ್ತಿಲ್ಲ ಅಂದರೆ ಗುಮಾಸ್ತರ ಕೈಲಿ ಖಾಲಿ ಲೆಟರ್‌ಹೆಡ್ ಕಳಿಸಿ, ನಾನು ಟೈಪ್ ಮಾಡಿಕೊಡ್ತೀನಿ. ದುಡ್ಡು ಬೇಡ. ಭಾನುವಾರ ಅಂಗಡಿ ಇರಲ್ಲ.